ಒಂದು ಬೆರಳು ಹೊರಗೆ ನಿಂತ ಚಕ್ರ

ಕೊಡಗಿನಲ್ಲಿ ಒಬ್ಬರು ತೀರಿಕೊಂಡರೆ ಮನೆಯ ಮುಂದೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಆ ಸದ್ದು ಎಷ್ಟೇ ಗಟ್ಟಿಯಾದರೂ ಮೈಸೂರಿನವರೆಗೆ ಬರುವುದಿಲ್ಲ. ಹಾಗಾಗಿ ನಮ್ಮ ಅರುವರು ಹೋದ ಸುದ್ದಿ ನನ್ನನ್ನು ತಲುಪಿದ್ದು ಗೋಣಿಕೊಪ್ಪಲಿನ ಬಸ್ಸಿನಲ್ಲಿ, ಕಾಳುಮೆಣಸಿನ ಮೂಟೆಗೆ ಕಾವಲಾಗಿ ಬಂದ ಹಳೆಯ ವಿದ್ಯಾರ್ಥಿಯೊಬ್ಬನ ಬಾಯಲ್ಲಿ.

"ನಿಮ್ಮ ಅರುವರು ಹೋದ್ರು ಸಾರ್. ಅದೇ, ಆ ಗಿಡ್ಡ ಕಾರಿನವರು" ಎಂದ.

ಒಂದು ಆಯುಷ್ಯವಿಡೀ ಮನೆತನಗಳನ್ನು ಕೂಡಿಸಿದ, ಗದ್ದೆಯ ಬದುಗಳ ಜಗಳ ತೀರಿಸಿದ ಮನುಷ್ಯ ಕೊನೆಗೆ ಗಿಡ್ಡ ಕಾರಿನವರಾಗಿ ಉಳಿದರು. ಕೀರ್ತಿಯ ನ್ಯಾಯವೇ ಹೀಗೆ. ಅದಕ್ಕೆ ಮೇಲ್ಮನವಿ ಇಲ್ಲ.

ಅರುವ ಎಂದರೆ ಯಾರು ಎಂಬುದನ್ನು ಬಯಲುಸೀಮೆಯವರಿಗೆ ಹೇಳಬೇಕಾಗುತ್ತದೆ. ಕೊಡವರ ಪ್ರತಿಯೊಂದು ಮನೆತನಕ್ಕೂ ಅದರ ಪರವಾಗಿ ಮಾತಾಡಲು ಇನ್ನೊಂದು ಮನೆತನದ ಹಿರಿಯನೊಬ್ಬ ಇರುತ್ತಾನೆ. ಮದುವೆಯ ಮಾತಿಗೂ ಆಸ್ತಿಯ ಮಾತಿಗೂ ಮುರಿದ ಮಾತಿಗೂ ಅವನೇ ಬಾಯಿ. ಮದುವೆಯ ದಿನ ಎರಡು ಕಡೆಯ ಅರುವರು ಎದುರುಬದುರು ನಿಂತು, ಹೆಣ್ಣಿಗೆ ಹೋಗುವ ಮನೆಯಲ್ಲಿ ಏನೇನು ಹಕ್ಕುಂಟು ಎಂದು ಒಂದೊಂದಾಗಿ ಕೇಳಿ ಒಂದೊಂದಕ್ಕೂ ಒಪ್ಪಿಗೆ ಪಡೆಯಬೇಕು. ಕೇಳದೆ ಬಿಟ್ಟದ್ದು ಬಿಟ್ಟ ಹಾಗೆಯೇ. ಹೇಳಿದ್ದನ್ನು ಹಿಂದಕ್ಕೆ ತೆಗೆಯುವ ಹಾಗಿಲ್ಲ. ನಮ್ಮವರು ಈ ಕೆಲಸವನ್ನು ಎಷ್ಟು ಕಾಲ ಮಾಡಿದ್ದರೆಂದರೆ ಅವರ ಹೆಸರು ಹಿಡಿದು ಕರೆಯುವವರೇ ಉಳಿದಿರಲಿಲ್ಲ. ಹೆಂಡತಿಯೂ ಜಗಳದ ಹೊತ್ತಿನಲ್ಲಿ "ಕೇಳಿದಿರಾ ಅರುವರೇ" ಎನ್ನುತ್ತಿದ್ದರು.

ರಾಜ್ಯ ಒಂದಾದ ಹೊಸತರಲ್ಲಿ ಮೈಸೂರಿನಿಂದ ಕೊಡಗಿಗೆ ಅನೇಕ ಸರಕು ಬಂದವು. ಹೊಸ ಮೊಹರು ಬಂತು, ಹೊಸ ನಮೂನೆಯ ಅರ್ಜಿ ಬಂತು, ಗೋಣಿಕೊಪ್ಪಲಿನ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ನಾನು ಬಂದೆ. ಜನ ಎಲ್ಲವನ್ನೂ ಒಂದೇ ಬಗೆಯ ಕುತೂಹಲದಿಂದ ತಿರುವಿ ನೋಡಿದರು. ಅರುವರ ಮನೆಯ ಪಕ್ಕದಲ್ಲಿ ಅವರದೇ ಒಂದು ಬಿಡಾರ ಖಾಲಿ ಇತ್ತು. ಬಾಡಿಗೆಗೆ ಕೇಳಲು ಹೋದಾಗ ಅವರು ಮೆಟ್ಟಿಲ ಮೇಲೆ, ನಾನು ಅಂಗಳದಲ್ಲಿ, ಎದುರುಬದುರು ನಿಲ್ಲಬೇಕಾಯಿತು.

"ಗೊರಕೆ ಉಂಟಾ?"

"ಇಲ್ಲ."

"ಅದು ನಿಮಗೆ ಹೇಗೆ ಗೊತ್ತು? ಹೆಂಡತಿಯನ್ನು ಕೇಳಿ ಹೇಳಿ. ನಾಯಿಗೆ ಹೆದರಿಕೆ ಉಂಟಾ?"

"ಸ್ವಲ್ಪ."

"ಸ್ವಲ್ಪ ಅಂತ ಉತ್ತರ ಇಲ್ಲ ಮಾಷ್ಟ್ರೇ. ಉಂಟು, ಇಲ್ಲ, ಎರಡೇ."

"ಉಂಟು."

"ಹಬ್ಬದ ದಿನ ನಮ್ಮಲ್ಲಿ ಹಂದಿ ಬೇಯ್ತದೆ. ವಾಸನೆಗೆ ಬೇಸರ ಉಂಟಾ?"

"ಅಭ್ಯಾಸ ಮಾಡಿಕೊಳ್ಳುತ್ತೇನೆ" ಎಂದೆ. ಅವರು ಸುಮ್ಮನೆ ನೋಡಿದರು. "ಉಂಟು" ಎಂದು ತಿದ್ದಿಕೊಂಡೆ.

"ಒಳ್ಳೇದು. ಈಗ ನಿಮ್ಮ ಮಾತು ನಂಬಬಹುದು. ಹಬ್ಬದ ದಿನ ಗಾಳಿ ಎತ್ತ ಬೀಸ್ತದೆ ಅಂತ ನೋಡಿ ಒಲೆ ಹಚ್ಚಿಸ್ತೇನೆ" ಎಂದು ಬೀಗದ ಕೈ ಕೊಟ್ಟರು. ಆ ಮಾತನ್ನು ನಾನಿದ್ದಷ್ಟು ಕಾಲವೂ ನಡೆಸಿದರು. ಗಾಳಿ ಮಾತ್ರ ಯಾವ ಅರುವನಿಗೂ ಒಪ್ಪಿಗೆ ಕೊಟ್ಟಿರಲಿಲ್ಲ.

ಮನುಷ್ಯ ಎತ್ತರ, ಸಣಕಲು. ಖಾಕಿ ಚಡ್ಡಿ, ಅದರ ಕೆಳಗೆ ಕೊಕ್ಕರೆಯ ಕಾಲು. ಬೆಲ್ಲದ ಕರಿ ಕಾಫಿಯನ್ನು ಲೋಟದಲ್ಲಿ ತಣಿಸಿ ನೀರಿನ ಹಾಗೆ ಕುಡಿಯುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಬೇಕಾದ ಜಾಗ ಬಂದರೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಅವರು ಕನ್ನಡಕ ಒರೆಸತೊಡಗಿದರೆ ಎದುರಿನವರು ಮುಖ ಒರೆಸಿಕೊಳ್ಳಬೇಕಾಗುತ್ತಿತ್ತು.

ಇಂಥವರು ಒಂದು ದಿನ ಕಾರು ತಂದರು. ತಂದರು ಎಂದರೆ ಎತ್ತಿನ ಗಾಡಿಯ ಮೇಲೆ ಹೇರಿಸಿ ತಂದರು. ಪಕ್ಕದ ಎಸ್ಟೇಟಿನ ಇಂಗ್ಲಿಷ್ ದೊರೆ ತೋಟ ಮಾರಿ ಸೀಮೆಗೆ ಹೊರಟಿದ್ದ. ಅವನ ಬಂಗಲೆಯ ಸಾಮಾನಿನ ಹರಾಜಿಗೆ ಅರುವರು ಹೋದದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಕೊಳ್ಳುವುದಕ್ಕೆ. ಬಂದದ್ದು ಹಸುರು ಬಣ್ಣದ, ಮೇಲೆ ಛಾವಣಿಯಿಲ್ಲದ, ನೆಲಕ್ಕೆ ಹೊಟ್ಟೆ ತಾಗುವಂಥ ಓಟದ ಕಾರಿನೊಂದಿಗೆ. ಅದಕ್ಕೆ ಇದ್ದದ್ದು ಎರಡೇ ಸೀಟು. ಅವರ ಮನೆಯಲ್ಲಿ ಊಟದ ಹೊತ್ತಿಗೆ ಎಲೆ ಹಾಕುವವರಿಗೇ ಲೆಕ್ಕ ತಪ್ಪುತ್ತಿತ್ತು. ಅಷ್ಟು ಜನರ ಮನೆಗೆ ಎರಡು ಸೀಟಿನ ಕಾರು ಯಾಕೆ? ಊರಿಗೆ ಊರೇ ಈ ಪ್ರಶ್ನೆಯ ಮೇಲೆ ಹಲವು ದಿನ ಬದುಕಿತು. ನನ್ನ ಪಾಠಗಳಲ್ಲಿ ಕೂಡ ಅಷ್ಟು ಆಸಕ್ತಿ ಹುಟ್ಟಿಸಿದ ಒಗಟು ಇರಲಿಲ್ಲ.

ಒಗಟು ಬಿಡಿಸಿದವರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬಟ್ಟೆ ಹರವುತ್ತಾ, ಬೇಲಿಯ ಆಚೆಯಿಂದ ಹೇಳಿದರು.

"ನನಗಾಗಿ ಮಾಷ್ಟ್ರೇ. ನನ್ನ ಅವ್ವನ ಮನೆಗೆ ಕರ್ಕೊಂಡು ಹೋಗ್ಲಿಕ್ಕೆ."

ಅಕ್ಕನ ತವರು ಪೊನ್ನಂಪೇಟೆ ದಾಟಿ ಸ್ವಲ್ಪ ದೂರ, ಅಷ್ಟೆ. ಆದರೆ ಅಕ್ಕ ಅಲ್ಲಿಗೆ ಹೋಗಿ ವರ್ಷಗಳಾಗಿದ್ದವು. ಅದಕ್ಕೆ ಕಾರಣ ಒಂದು ಕನ್ನಡಕ. ಅಕ್ಕನ ಅಣ್ಣ ತನ್ನ ಮಗನಿಗೆ ಹೆಣ್ಣು ಕೇಳಿದ್ದ ಮನೆಗೆ ನಮ್ಮವರೇ ಅರುವರು. "ಹುಡುಗ ಕುಡಿಯುವುದುಂಟಾ?" ಎಂದು ಹೆಣ್ಣಿನ ಕಡೆಯವರು ಇವರನ್ನೇ ಕೇಳಿದರು. ಇವರು ಕನ್ನಡಕ ತೆಗೆದು ಒರೆಸಿದರು. ಸಂಬಂಧ ಅಲ್ಲಿಗೇ ಮುರಿಯಿತು. ಹುಡುಗನ ಅಪ್ಪ, ಅಂದರೆ ನಮ್ಮವರ ಭಾವ, ಉರಿದೆದ್ದು, "ಇನ್ನು ನನ್ನ ಗೇಟಿನೊಳಗೆ ಕಾಲಿಡಬೇಡ" ಎಂದರು. ನಮ್ಮವರು "ಇಡುವುದಿಲ್ಲ" ಎಂದರು. ಸಿಟ್ಟಿನ ಮಾತು ಹೇಳಿದವನಿಗೆ ಮರುದಿನವೇ ಮರೆಯಬಹುದು. ಒಪ್ಪಿದವನು ಅರುವನಾದ್ದರಿಂದ ಮಾತು ಅಲ್ಲೇ ನಿಂತುಬಿಟ್ಟಿತು. ಗಂಡನಿಗಿಲ್ಲದ ಬಾಗಿಲು ತನಗೂ ಬೇಡವೆಂದು ಅಕ್ಕ ಕೂಡ ಹೋಗಲಿಲ್ಲ. ಹುಡುಗನಿಗೆ ಬೇರೆ ಕಡೆ ಮದುವೆಯಾಗಿ, ಕುಡಿತವೂ ತಗ್ಗಿ, ಜಗಳಕ್ಕೆ ಕಾರಣವೇ ಇಲ್ಲವಾಗಿತ್ತು. ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು. ಈಗ ಅಕ್ಕನ ತಾಯಿಗೆ ತುಂಬ ವಯಸ್ಸಾಗಿ, ಮಗಳನ್ನು ನೋಡಬೇಕೆಂದು ಹೇಳಿ ಕಳಿಸಿದ್ದರು.

"ಮನೆಯಲ್ಲಿ ಜೀಪುಂಟಲ್ಲ ಅಕ್ಕ?" ಎಂದೆ.

"ಜೀಪು ಹೊರಟ್ರೆ ಮನೆಯಲ್ಲಿದ್ದವರೆಲ್ಲ ಹತ್ತುತ್ತಾರೆ. ನನ್ನನ್ನು ಅವರ ಜೊತೆ ಕಳಿಸಿ ಇವರು ಹಿಂದೆ ಉಳೀತಾರೆ. ನಾನು ಹೇಳಿದೆ, ನೀವೇ ಕರ್ಕೊಂಡು ಹೋಗ್ಬೇಕು, ನೀವು ಮತ್ತೆ ನಾನು, ಬೇರೆ ಯಾರೂ ಬೇಡ. ಗೇಟಿನವರೆಗೆ ಬಂದ್ರೆ ಸಾಕು, ಒಳಗೆ ಬರೂದು ಬೇಡ. ಅದಕ್ಕೆ ಇವರು ಹೂಂ ಅಂದ್ರು. ಹೂಂ ಅಂದ ಮೇಲೆ ಎಂತ ಮಾಡ್ತಾರೆ? ಎರಡೇ ಸೀಟಿನದ್ದು ಹುಡುಕಿ ತಂದ್ರು" ಎಂದು ಅಕ್ಕ ನಕ್ಕರು. "ನಾನು ಹೇಳಿದ್ದು ನಡ್ಕೊಂಡು ಹೋಗುವ ಅಂತ!"

ಅರುವರನ್ನು ಕೇಳಿದರೆ ಅವರ ತತ್ತ್ವ ಬೇರೆ. "ನನ್ನ ಅನುಭವದಲ್ಲಿ, ಸಂಧಾನಕ್ಕೆ ಹೋಗುವ ಗಾಡಿಯಲ್ಲಿ ಮೂರನೆಯವನು ಕೂತ್ರೆ ಅದು ಸಂಧಾನ ಅಲ್ಲ ಮಾಷ್ಟ್ರೇ, ಮೆರವಣಿಗೆ."

ಕಾರು ಬಂತು, ಎಂಜಿನ್ನೂ ಗುರುಗುಟ್ಟಿತು. ಚಕ್ರಗಳು ಮಾತ್ರ ಕೆಟ್ಟಿದ್ದವು. ದೊರೆಯ ಶೆಡ್ಡಿನಲ್ಲಿ ಹಲವು ಮಳೆಗಾಲ ಕಳೆದು ತುಕ್ಕು ತಿಂದು, ಬೋಲ್ಟು ಕೂರುವ ಜಾಗದ ಸುತ್ತ ಬಿರುಕು ಬಿಟ್ಟಿದ್ದವು. ಸೀಮೆಯಿಂದ ಅಸಲಿ ಚಕ್ರ ತರಿಸುವುದಕ್ಕೆ ಸರ್ಕಾರದ ಪರವಾನಗಿ ಬೇಕು, ತೋಟದ ಒಂದು ಮೂಲೆಯೂ ಬೇಕು. ಉಳಿದ ದಾರಿ ಒಂದೇ. ಬೇರೆ ಯಾವುದೋ ಕಾರಿಗೆ ಮಾಡಿದ ಅಗ್ಗದ ಚಕ್ರವನ್ನು ಹುಡುಕಿ ಇದಕ್ಕೆ ಹೊಂದಿಸಬೇಕು. ಅಂದರೆ ಒಂದು ಮನೆಯ ಮಗುವನ್ನು ಇನ್ನೊಂದು ಮನೆಗೆ ಸೇರಿಸಬೇಕು. ಈ ಕೆಲಸಕ್ಕೆ ಇಡೀ ದಕ್ಷಿಣ ಕೊಡಗಿನಲ್ಲಿ ಇವರಿಗಿಂತ ಅರ್ಹರು ಯಾರಿದ್ದರು?

ಚಕ್ರದ ಕಡೆಯ ಅರುವನ ಪಾತ್ರ ಗೋಣಿಕೊಪ್ಪಲಿನ ಗ್ಯಾರೇಜಿನ ಕಾಕನದು. ಕಾಕ ಮಲಯಾಳದ ಕಡೆಯಿಂದ ಬಂದು ನೆಲೆಸಿದವ. ತನಗೆ ಗೊತ್ತಿಲ್ಲದ ವಾಹನ ಇನ್ನೂ ಹುಟ್ಟಿಲ್ಲ ಎಂಬುದು ಅವನ ನಂಬಿಕೆ. ಅದಕ್ಕೆ ಆಧಾರ ಕಡಿಮೆಯಿದ್ದರೂ ದನಿ ದೊಡ್ಡದಿತ್ತು. ಅವನು ಮೊದಲು ಉರುಳಿಸಿಕೊಂಡು ಬಂದದ್ದು ಜೀಪಿನ ಚಕ್ರ.

"ಇದಕ್ಕೆ ಬೋಲ್ಟಿನ ಕಣ್ಣು ಐದುಂಟು" ಎಂದರು ಅರುವರು. "ನಮ್ಮದಕ್ಕೆ ನಾಲ್ಕು."

"ಹೊಸ ಕಣ್ಣು ಕೊರೆದ್ರೆ ಆಯ್ತಲ್ಲ ಅರುವರೇ. ಅರ್ಧ ಗಂಟೆ ಕೆಲಸ."

"ಹುಟ್ಟಿದ ಕಣ್ಣು ಬೇರೆ, ಕೊರೆದ ಕಣ್ಣು ಬೇರೆ ಕಾಕ. ವಾಪಸು ಉರುಳಿಸು."

ಎರಡನೆಯ ಸಂಬಂಧ ಮೈಸೂರಿನ ಗುಜರಿ ಬಜಾರಿನದು. ಅದಕ್ಕಾಗಿ ಅರುವರೇ ಬಸ್ಸು ಹತ್ತಿದರು. ಅಂದು ನಾನೂ ಅದೇ ಬಸ್ಸಿನಲ್ಲಿದ್ದೆ. ಅವರ ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿಯ ದೊಡ್ಡ ಮುಚ್ಚಳ. ಅದನ್ನು ಕಾರಿನ ಬೋಲ್ಟುಗಳ ಮೇಲೆ ಒತ್ತಿ ಹಿಡಿದು, ಗುರುತು ಬಿದ್ದ ನಾಲ್ಕು ಕಡೆ ತೂತು ಮಾಡಿ, ನಡುವೆ ಕಾರಿನ ಗುಂಭದ ಅಳತೆಗೆ ಸರಿಯಾಗಿ ದುಂಡಗೆ ಕತ್ತರಿಸಿದ್ದರು. ಗುಂಭ ಎಂದರೆ ಚಕ್ರದ ನಡುವೆ ತೂರಿ ಬರುವ ಉಬ್ಬು. ಅದು ಸಡಿಲವಾಗಿ ಕೂತರೆ ಇಡೀ ಭಾರ ಬೋಲ್ಟುಗಳ ಮೇಲೆ ಬೀಳುತ್ತದೆಂದೂ, ಬೋಲ್ಟು ಹಿಡಿಯುವುದಕ್ಕೆ, ಗುಂಭ ಹೊರುವುದಕ್ಕೆ ಎಂದೂ ನನಗೆ ವಿವರಿಸಿದರು. ಪಕ್ಕದಲ್ಲಿದ್ದ ಮುದುಕಿ ಆ ಮುಚ್ಚಳವನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ಎಂತ ಸೋಸ್ತೀರಿ?" ಎಂದು ಕೇಳಿದಳು.

"ಚಕ್ರ" ಎಂದರು ಅರುವರು. ಮುದುಕಿ ಜಾಗ ಬದಲಿಸಿದಳು.

ಗುಜರಿಯಲ್ಲಿ ನಾಲ್ಕು ಕಣ್ಣಿನ ಚಕ್ರ ಸಿಕ್ಕಿತು. ಮುಚ್ಚಳ ಇಟ್ಟರೆ ಕಣ್ಣುಗಳು ಒಂದು ಹುಲ್ಲುಕಡ್ಡಿಯಷ್ಟು ಆಚೆಗೆ ಸರಿದಿದ್ದವು. ಅಂಗಡಿಯವನು, "ಬಿಗಿ ಮಾಡಿದ್ರೆ ತಾನಾಗಿ ಕೂರ್ತದೆ ಸ್ವಾಮಿ" ಎಂದ. ಅರುವರು ಮುಚ್ಚಳವನ್ನು ಮತ್ತೆ ಕಂಕುಳಿಗೆ ಸೇರಿಸಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು: "ಬಿಗಿ ಮಾಡಿ ಕೂರಿಸಿದ್ದು ಎಷ್ಟು ದಿನ ಕೂತೀತು? ಅಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ."

ಈ ನಡುವೆ ತವರಿನಿಂದ ಮತ್ತೊಮ್ಮೆ ಕರೆ ಬಂತು. ಅಕ್ಕನ ತಾಯಿ ಈಗ ಜಗಲಿಗೆ ಬರಲೂ ಕೋಲು ಕೇಳುತ್ತಾರಂತೆ. ಅಕ್ಕ ಕಾರಿನ ಬಳಿಗೆ ಹೋಗಿ, ಅದರ ಎಡಗಡೆಯ ಸೀಟಿನ ಮೇಲೆ ಬಿದ್ದಿದ್ದ ಎಲೆಗಳನ್ನು ಗುಡಿಸಿ ಬಂದರು. ಅಂದು ಸಂಜೆ ಅರುವರು ಕಾಫಿಯನ್ನು ತಣಿಸದೆ ಕುಡಿದು ಬಾಯಿ ಸುಟ್ಟುಕೊಂಡರು.

ಮೂರನೆಯ ಸಂಬಂಧ ಕೊಯಮತ್ತೂರಿನಿಂದ ಲಾರಿಯಲ್ಲಿ ಬಂತು. ಯಾವುದೋ ಬಾಡಿಗೆ ಕಾರನ್ನು ಒಡೆದು ಮಾರಿದ್ದರು, ಅದರ ಚಕ್ರಗಳು. ಬೆಲೆ ಕೇಳಿದರೆ ನಗು ಬರುವಷ್ಟು ಅಗ್ಗ. ಕಾಕ ಅವನ್ನು ಸಾಲಾಗಿ ಗೋಡೆಗೆ ಒರಗಿಸಿದ. ಅರುವರು ಎದುರಿಗೆ ನಿಂತರು. ನಾನು ಸಾಕ್ಷಿ.

"ಕಣ್ಣು ನಾಲ್ಕುಂಟಾ?"

"ಉಂಟು."

ಮುಚ್ಚಳ ಇಟ್ಟರು. ಕಣ್ಣಿಗೆ ಕಣ್ಣು ಕೂಡಿತು. ಗುಂಭದ ಜಾಗವೂ ಸರಿಹೋಯಿತು. "ನಟ್ಟು ಕೂರುವ ಇಳಿಜಾರು ಒಂದೇ ಉಂಟಾ?" ಎಂದು ಕೇಳಿ, ಕಾಕನ ಉತ್ತರಕ್ಕೆ ಕಾಯದೆ, ಚಿಮಣಿ ದೀಪದ ಮಸಿಯನ್ನು ನಟ್ಟಿನ ಬಾಯಿಗೆ ಬಳಿದು ತಿರುಗಿಸಿ ತೆಗೆದರು. ಚಕ್ರದ ಮೇಲೆ ಮಸಿ ಸುತ್ತಲೂ ಕಡಿಯದೆ ಬಳೆಯ ಹಾಗೆ ಮೂಡಿತ್ತು. ಅರುವರ ಮುಖದಲ್ಲಿ ಮೊದಲ ಬಾರಿಗೆ ಹೆಣ್ಣು ಒಪ್ಪಿದವರ ಕಳೆ ಕಂಡಿತು. ಟೈರು ಸಮೇತ ಒಂದು ಚಕ್ರವನ್ನು ಮುಂದಿನ ಎಡಗಡೆಗೆ ಹಾಕಿಸಿ, ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು.

"ಒಂದು ಬೆರಳು ಹೊರಗೆ ನಿಲ್ತದೆ ಕಾಕ."

"ಅದು ಚೆಂದ ಅರುವರೇ. ಗಂಡು ಎದೆ ಉಬ್ಬಿಸಿ ನಿಂತ ಹಾಗೆ."

"ತಿರುಗಿದಾಗ?"

"ತಿರುಗಿದಾಗಲೂ ಅದೇ ಚಕ್ರ, ಅದೇ ಕಾರು. ಮತಿ, ಮತಿ, ಸಾಕು, ಇನ್ನು ಕೇಳಿದ್ರೆ ಚಕ್ರ ನಾಚಿಕೊಂಡು ಕೊಯಮತ್ತೂರಿಗೆ ಓಡ್ತದೆ."

ಅರುವರು ಕನ್ನಡಕ ತೆಗೆದು ಒರೆಸಿದರು. ಮಸಿಯ ಕೈ, ಕನ್ನಡಕವೆಲ್ಲ ಕಪ್ಪಾಯಿತು. ಸಂಬಂಧ ನಿಶ್ಚಯವಾಯಿತು.

ಅದು ಕೈಲುಮುಹೂರ್ತದ ಹಿಂದಿನ ವಾರ. ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೊಗ, ನೇಗಿಲುಗಳನ್ನೆಲ್ಲ ತೊಳೆದು ಮನೆಯ ನಡುಕೋಣೆಯಲ್ಲಿಟ್ಟು ಹೂ ಮುಡಿಸಿ ಪೂಜಿಸುವ ಹಬ್ಬ. ಹಬ್ಬದವರೆಗೆ ಅವನ್ನು ಯಾರೂ ಬಳಸುವಂತಿಲ್ಲ. ಆ ವರ್ಷ ಅರುವರ ನಡುಕೋಣೆಯಲ್ಲಿ ಕೋವಿಗಳ ಪಕ್ಕದಲ್ಲಿ ನಾಲ್ಕು ಕೊಯಮತ್ತೂರು ಚಕ್ರಗಳೂ ಕೆಂಪು ಹೂ ಮುಡಿದು ಗಂಭೀರವಾಗಿ ಒರಗಿದ್ದವು. ಪಿತೃಗಳು ಏನೆಂದುಕೊಂಡರೋ ತಿಳಿಯದು.

ಹಬ್ಬ ಕಳೆದ ಮೇಲೆ ಚಕ್ರ ಹಾಕಿ, ಅರುವರು ಒಬ್ಬರೇ ಕೂತು ಓಡಿಸಿ ನೋಡಿದರು. ಗೋಣಿಕೊಪ್ಪಲಿನ ಪೇಟೆಯನ್ನು ಸುತ್ತಿ, ಸ್ಕೂಲಿನ ಮೈದಾನದಲ್ಲಿ ಬಲಕ್ಕೂ ಎಡಕ್ಕೂ ಪೂರ್ತಿ ತಿರುಗಿಸಿ ಬಂದರು. ಒಂದು ಕಿರಿಕ್ ಇಲ್ಲ, ಒಂದು ಕುಲುಕಿಲ್ಲ. ಮಕ್ಕಳು ಪಾಠ ಬಿಟ್ಟು ಕಿಟಕಿಗೆ ಜೋತುಬಿದ್ದರು. ಪಾಠ ಮಾಡುತ್ತಿದ್ದವನು ನಾನೇ ಆದ್ದರಿಂದ ನನಗೂ ಒಂದು ಕಿಟಕಿ ಸಿಕ್ಕಿತು.

ಸಂಜೆ ನಾನು, "ಒಂದು ಸುತ್ತು ನಾನೂ ಬರಲೇ?" ಎಂದು ಎಡಗಡೆಯ ಬಾಗಿಲಿಗೆ ಕೈ ಹಾಕಿದೆ.

"ಬೇಡ ಮಾಷ್ಟ್ರೇ. ಆ ಸೀಟು ಮಾತು ಕೊಟ್ಟ ಸೀಟು. ಅವಳು ಕೂರುವ ಮೊದಲು ಅಲ್ಲಿ ಒಂದು ತೆಂಗಿನಕಾಯಿ ಕೂಡ ಕೂರುವ ಹಾಗಿಲ್ಲ."

ಕಾಕ ಕೂಡ ಕೇಳಿ ಹಾಗೆಯೇ ಹಿಂದೆ ಸರಿದ. ಮೆಕ್ಯಾನಿಕ್ಕನ್ನೂ ಕೂರಿಸದೆ ಕಾರು ಪರೀಕ್ಷೆ ಮಾಡಿದವರು ಲೋಕದಲ್ಲಿ ಇವರೊಬ್ಬರೇ ಇರಬೇಕು.

ಮರುದಿನ ಬೆಳಿಗ್ಗೆ ಅಕ್ಕ ರೇಷ್ಮೆಯ ವಸ್ತ್ರ ತಲೆಗೆ ಕಟ್ಟಿ, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತರು. ಮನೆಯವರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತರು. ಹೀಗೆ ಇಬ್ಬರೇ ಅಕ್ಕಪಕ್ಕ ಕೂತು ಮನೆಯಿಂದ ಹೊರಟದ್ದು ಮದುವೆಯಾದಂದಿನಿಂದ ಅದೇ ಮೊದಲಂತೆ. ಮದುವೆಯ ದಿನ ಕೂಡ ಗಾಡಿಯಲ್ಲಿ ಸೋದರತ್ತೆಯೊಬ್ಬರು ನಡುವೆ ಇದ್ದರಂತೆ. ಕಾರು ಗೇಟು ದಾಟಿ ಬಲಕ್ಕೆ ತಿರುಗಿ ಮರೆಯಾಯಿತು.

ಮುಂದಿನದ್ದನ್ನು ನಾನು ಅಕ್ಕನಿಂದ ಕೇಳಿದೆ, ಆಮೇಲೆ ಅವರ ಅಣ್ಣನಿಂದಲೂ ಕೇಳಿದೆ. ಇಬ್ಬರೂ ಒಂದೇ ಕತೆ ಹೇಳಿದ್ದರಿಂದ ನಿಜವೇ ಇರಬೇಕು. ಆ ಮನೆಯಲ್ಲಿ ಅದು ಅಪರೂಪ.

ದಾರಿಯುದ್ದಕ್ಕೂ ಸುಖ. ಪೊನ್ನಂಪೇಟೆಯಲ್ಲಿ ಜನ ಎದ್ದು ನಿಂತು ನೋಡಿದರು. ತವರಿನ ಗೇಟು ಎಡಕ್ಕೆ ಚೂಪಾದ ತಿರುವಿನಲ್ಲಿತ್ತು. ಅರುವರು ಗೇಟಿನ ಹೊರಗೆ ನಿಲ್ಲಿಸಿ ಇಳಿಸುವವರಿದ್ದರು. ಮಳೆಯ ನೀರು ಹರಿದು ಅಲ್ಲಿ ಚರಂಡಿಯಾಗಿತ್ತು. ರೇಷ್ಮೆ ಸೀರೆಯ ಹೆಂಡತಿಯನ್ನು ಕೆಸರಿಗಿಳಿಸುವುದು ಹೇಗೆಂದು, ಕಾರಿನ ಮೂತಿಯಷ್ಟನ್ನೇ ಗೇಟಿನೊಳಕ್ಕೆ ಇಡುವುದೆಂದು ಲೆಕ್ಕ ಹಾಕಿ ಪೂರ್ತಿ ಎಡಕ್ಕೆ ತಿರುಗಿಸಿದರು. ಆಗ ಆದದ್ದು ಇಷ್ಟು. ಎಡಗಡೆ ಅಕ್ಕ ಕೂತಿದ್ದರಿಂದ ಕಾರಿನ ಆ ಮೂಲೆ ತಗ್ಗಿತ್ತು. ಒಬ್ಬರೇ ಓಡಿಸಿದಾಗ ತಗ್ಗಿರಲಿಲ್ಲ. ತಗ್ಗಿದ ಮಡ್‌ಗಾರ್ಡಿನ ಅಂಚು, ಒಂದು ಬೆರಳು ಹೊರಗೆ ನಿಂತಿದ್ದ ಚಕ್ರದ ಟೈರನ್ನು, ಅದು ತಿರುಗಿದ ಹೊತ್ತಿಗೆ ಸರಿಯಾಗಿ ಕಚ್ಚಿತು. ಹಂದಿ ಕೂಗಿದ ಹಾಗೆ ಕೂಗಿ, ಟೈರು ಸೀಳಿ ಗಾಳಿ ಹೋಯಿತು. ಕಾರು ಗೇಟಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಕೂತಿತು. ಕೂಗು ಕೇಳಿ ಭಾವ ಕೋವಿ ಹಿಡಿದೇ ಓಡಿ ಬಂದರು.

ಬಂದು ನೋಡಿದರೆ ಹಂದಿಯಿಲ್ಲ, ತಂಗಿ, ತಂಗಿಯ ಗಂಡ. ಅಕ್ಕ ಬುಟ್ಟಿಯೊಂದಿಗೆ ಇಳಿದು ಅಣ್ಣನ ಪಕ್ಕದಿಂದಲೇ ಹಾದು ಒಳಗೆ ನಡೆದರು. ಅರುವರು ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತಾ ಕೂತೇ ಇದ್ದರು.

"ಇಳಿಯುವುದಿಲ್ವಾ?" ಎಂದರು ಭಾವ.

"ಕಾಲಿಡುವುದಿಲ್ಲ ಅಂತ ಹೇಳಿದ್ದೇನೆ."

"ಹಾಗಾದ್ರೆ ಹಿಂದೆ ಹೋಗಿ."

"ಹೋಗುವ ಸ್ಥಿತಿಯಲ್ಲಿ ಇಲ್ಲ, ನೋಡ್ತಾ ಇದ್ದೀರಲ್ಲ."

"ಒಳಗೆ ಬರೂದಾದ್ರೆ ಬನ್ನಿ, ಹೊರಗೆ ಹೋಗೂದಾದ್ರೆ ಹೋಗಿ. ಗೇಟಿನಲ್ಲಿ ಕೂರ್ಬೇಡಿ ಮಾರಾಯ್ರೇ! ದನ ಬಿಡುವ ಹೊತ್ತಾಯ್ತು!"

ದನ ಬಂದೇ ಬಿಟ್ಟವು. ಕಾರಿನ ಮುಂದೆ ಸಾಲುಗಟ್ಟಿ ನಿಂತು ಅರುವರನ್ನು ನೋಡತೊಡಗಿದವು. ಕೊನೆಗೆ ಭಾವ ತೋಟದ ಲೈನುಮನೆಗಳಿಂದ ಆಳುಗಳನ್ನು ಕರೆಸಿದರು. ಅವರು ಸುತ್ತಲೂ ನಿಂತು, "ಐಲೇಸಾ" ಎಂದು ಕಾರನ್ನು ಅರುವರ ಸಮೇತ ಎತ್ತಿ, ಅಂಗಳದ ನಡುವೆ ತಂದಿಟ್ಟರು. ದೇವರ ಉತ್ಸವಮೂರ್ತಿಗೂ ಆ ಗಾಂಭೀರ್ಯ ಸಾಲದು, ಎಂದರು ಅಕ್ಕ. ಮೂರ್ತಿ ಇಳಿಯಲಿಲ್ಲ. ಕಾಫಿ ಬಂತು, ಕಾರಿನಲ್ಲೇ ಕುಡಿದರು. ಭಾವ ಜಗಲಿಯಲ್ಲಿ ಕೂತರು. ಇಬ್ಬರೂ ಮೋಡ ನೋಡಿದರು.

ಆಗ ಮುದುಕಿ ಕೋಲೂರಿಕೊಂಡು, ಮಗಳ ಭುಜ ಹಿಡಿದು ಅಂಗಳಕ್ಕೆ ಬಂದರು. ಅಳಿಯನ ಮುಖ ನೋಡಲು ಬಗ್ಗಿದರು. ಕಾರು ಮೊಣಕಾಲಿನ ಎತ್ತರ. ಬಗ್ಗಲು ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ ಸೊಂಟ ಹಿಡಿದುಕೊಂಡರು.

"ಇಳಿ ಮಗ. ನಿನ್ನ ಕಾರು ಗಿಡ್ಡ. ನನಗೆ ನಿನ್ನ ಮುಖ ಕಾಣೂದಿಲ್ಲ."

"ಮಾತು ಕೊಟ್ಟಿದ್ದೇನೆ ಅವ್ವ."

"ಯಾರಿಗೆ? ಇವನಿಗಾ? ಗೇಟು ಇವನು ಹಾಕಿಸಿದ್ದು. ಅಂಗಳ ನಿನ್ನ ಮಾವ ಮಾಡಿಸಿದ್ದು. ಇಳಿ, ನನಗೆ ನಿಲ್ಲಲಿಕ್ಕೆ ಆಗೂದಿಲ್ಲ."

ಅರುವರು ಇಳಿದರು. ಇಳಿದು ಕಾಲು ಮುಟ್ಟಿದರು. ಮುದುಕಿ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಸೊರಗಿದ್ದಿ. ಇವಳು ಅಡಿಗೆ ಮಾಡೂದಿಲ್ವಾ?" ಎಂದರಂತೆ. ಅಲ್ಲಿಗೆ ಅಕ್ಕ ಅತ್ತರು. ಭಾವ ಎದ್ದು ಕೋವಿ ಒಳಗಿಡಲು ಹೋದರು, ಬಹಳ ಹೊತ್ತು ಬರಲಿಲ್ಲ.

ಟೈರು ಹೋದ ಮೇಲೆ ಕಾರು ಹೊರಡುವ ಹಾಗಿರಲಿಲ್ಲ, ಅದು ಹೊರಡುವವರೆಗೆ ಅರುವರೂ ಹೊರಡುವ ಹಾಗಿರಲಿಲ್ಲ. ಮರುದಿನ ಕಾಕನೂ ನಾನೂ ಒಂದು ಟೈರು ಉರುಳಿಸಿಕೊಂಡು ಬಸ್ಸಿನಲ್ಲಿ ಹೋದೆವು. ಅಂಗಳದಲ್ಲಿ ಕಂಡ ದೃಶ್ಯ ಇದು: ಎಡಗಡೆಯ ಸೀಟಿನಲ್ಲಿ, ಭಾರಕ್ಕಾಗಿ, ಮಡಿಲಲ್ಲಿ ಭತ್ತದ ಮೂಟೆ ಇಟ್ಟುಕೊಂಡು ಅರುವರು. ಕೆಳಗೆ ಹೊಟ್ಟೆಯ ಮೇಲೆ ಮಲಗಿ, ಸುತ್ತಿಗೆ ಹಿಡಿದು ಭಾವ.

"ಇನ್ನೂ ಸ್ವಲ್ಪ ಒತ್ತಿ ಕೂತ್ಕೊಳ್ಳಿ ಭಾವ! ನನ್ನ ತಂಗಿಯ ಅರ್ಧ ತೂಕವೂ ಇಲ್ಲ ನೀವು!"

"ಅದನ್ನು ಅವಳಿಗೆ ಕೇಳುವ ಹಾಗೆ ಹೇಳಿ."

ಕಾಕ ಬಗ್ಗಿ ನೋಡಿ, "ನಾನು ಆಗಲೇ ಹೇಳಿದ್ದೆ, ಒಂದು ಬೆರಳು ಹೊರಗೆ ಉಂಟು ಅಂತ" ಎಂದ. ಯಾರೂ ತಿದ್ದಲಿಲ್ಲ. ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಿಸಿ ಬಡಿಯುವುದೆಂದೂ, ಟೈರು ಸ್ವಲ್ಪ ಕಿರಿದಾದದ್ದನ್ನು ಹಾಕುವುದೆಂದೂ ತೀರ್ಮಾನವಾಯಿತು. ಒಂದು ಗಂಟೆಯ ಕೆಲಸ. ಭಾವ ಅದನ್ನು ವಾರಕ್ಕೆ ಎಳೆದರು. ದಿನವೂ ಸ್ವಲ್ಪ ಬಡಿಯುವುದು, ಅಳೆಯುವುದು, ಊಟಕ್ಕೆ ಏಳುವುದು. ಸುತ್ತಿಗೆ ಎರಡು ಸಲ ಕಳೆದುಹೋಗಿ ಭತ್ತದ ಕಣಜದಲ್ಲಿ ಸಿಕ್ಕಿತೆಂದು ಆಮೇಲೆ ತಿಳಿಯಿತು. ಆ ವಾರವೆಲ್ಲ ಅಕ್ಕ ತಾಯಿಯ ಮಂಚದ ಪಕ್ಕದಲ್ಲೇ ಮಲಗಿದರು. ಮುಂದಿನ ಹಬ್ಬಕ್ಕೆ ಮುದುಕಿ ಇರಲಿಲ್ಲ. ಎರಡು ಗುಂಡು ಹಾರಿದಾಗ ಅಳಿಯ ಆ ಮನೆಯಲ್ಲೇ ಇದ್ದರು.

ಅರುವರ ಕುರಿತು ಹೇಳುವುದು ಇನ್ನೂ ಇದೆ. ಸ್ಕೂಲಿನ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಬಂದು, "ಮಕ್ಕಳೇ, ಹಸಿವುಂಟಾ?" ಎಂದು ಕೇಳಿ, "ಉಂಟು" ಎಂದು ಕೂಗು ಬಂದ ಕೂಡಲೇ "ಹಾಗಾದ್ರೆ ನನ್ನ ಭಾಷಣ ಮುಗಿಯಿತು" ಎಂದು ಕೂತದ್ದು, ಒಂದು ಬದುವಿನ ಜಗಳದಲ್ಲಿ ಎರಡೂ ಕಡೆಯವರನ್ನು ಒಂದೇ ಕೊಡೆಯಡಿ ನಿಲ್ಲಿಸಿ ಮಳೆ ಬಿಡುವವರೆಗೆ ಕಾದದ್ದು. ಆದರೆ ನನ್ನ ಕುತೂಹಲ ಅವತ್ತಿನಿಂದ ಒಂದೇ ಕಡೆ ಸಿಕ್ಕಿಕೊಂಡಿತ್ತು. ಬಾಡಿಗೆಗೆ ಬಂದವನ ಗೊರಕೆಯನ್ನೂ ಕೇಳಿದ ಮನುಷ್ಯ. ನಟ್ಟಿನ ಬಾಯಿಗೆ ಮಸಿ ಬಳಿದು ನೋಡಿದ ಮನುಷ್ಯ.

ನನಗೆ ವರ್ಗವಾಗಿ ಸಾಮಾನು ಕಟ್ಟಿದ ದಿನ, ಬೀಗದ ಕೈ ಹಿಂತಿರುಗಿಸುವಾಗ ಕೇಳಿಯೇ ಬಿಟ್ಟೆ. ಅವರು ಮೆಟ್ಟಿಲ ಮೇಲೆ ಕೂತು ಕಾಫಿ ತಣಿಸುತ್ತಿದ್ದರು.

"ಅಷ್ಟೆಲ್ಲ ಪ್ರಶ್ನೆ ಕೇಳಿದಿರಿ. ಇಬ್ಬರು ಕೂತರೆ ಏನಾಗುತ್ತದೆ ಎಂದು ಕಾಕನನ್ನು ಯಾಕೆ ಕೇಳಲಿಲ್ಲ?"

ಅವರು ಲೋಟದಿಂದ ಲೋಟಕ್ಕೆ ಒಮ್ಮೆ ಸುರಿದರು, ಇನ್ನೊಮ್ಮೆ ಸುರಿದರು.

"ಕೇಳಿದ್ರೆ ಅವನು ಸರಿ ಮಾಡಿಬಿಡ್ತಿದ್ದ ಮಾಷ್ಟ್ರೇ" ಎಂದರು.